ನಡುಗೋಡೆ ಕೆಡವುವ ಮುನ್ನ ತಲೆಯೆತ್ತಿ ನೋಡಿ



ಸುಗ್ಗಿ ಮುಗಿದು ಕಣ ಬರಿದಾದ ಮೇಲೆ ನಮ್ಮ ಹಳ್ಳಿಗಳಲ್ಲಿ ಮನೆ ರಿಪೇರಿಯ ಕೆಲಸ ಸುರುವಾಗುತ್ತದೆ. ಒಬ್ಬರಿಗೆ ರೇಷ್ಮೆ ಹುಳುವಿನ ತಟ್ಟೆ ಇಡಲು ದೊಡ್ಡ ಕೋಣೆ ಬೇಕು. ಇನ್ನೊಬ್ಬರಿಗೆ ಮೆಕ್ಕೆಜೋಳದ ಚೀಲ ಪೇರಿಸಲು ಜಾಗ ಬೇಕು. ಮತ್ತೊಬ್ಬರು ಮಗಳ ಮದುವೆಗೆ ಮುಂಚೆ ಪಡಸಾಲೆ ಅಗಲ ಮಾಡಬೇಕೆನ್ನುತ್ತಾರೆ. ಅಣ್ಣತಮ್ಮಂದಿರು ಪಾಲಾದ ಮನೆಯಲ್ಲಿ ಬಾಗಿಲು ಮುಚ್ಚಿ ಬೇರೆ ಬಾಗಿಲು ತೆಗೆಯುವ ಕೆಲಸ ಬೀಳುತ್ತದೆ. ಈ ಎಲ್ಲ ಕೆಲಸಗಳಲ್ಲಿಯೂ ಹಾರೆ ಮೊದಲು ಬೀಳುವುದು ನಡುಗೋಡೆಯ ಮೇಲೆ.

"ಮನೆಯನ್ನು ಹೊತ್ತಿರುವುದು ಹೊರಗೋಡೆ. ಒಳಗಿನ ಗೋಡೆ ಬರೀ ಮರೆಗೆ ಕಟ್ಟಿದ್ದು. ತೆಗೆದರೆ ಏನಾದೀತು?" ಎಂಬ ಮಾತನ್ನು ನಾನು ಹೋದ ಹಳ್ಳಿಯಲ್ಲೆಲ್ಲ ಕೇಳಿದ್ದೇನೆ. ಈ ಮಾತು ಕೆಲವು ಮನೆಗಳಿಗೆ ನಿಜ, ಬಹಳ ಮನೆಗಳಿಗೆ ಸುಳ್ಳು. ಯಾವ ಮನೆಗೆ ನಿಜ, ಯಾವ ಮನೆಗೆ ಸುಳ್ಳು ಎಂದು ತಿಳಿಯದೆ ಹಾರೆ ಹಾಕಿದರೆ ಗೋಡೆಯ ಜತೆಗೆ ಮಾಳಿಗೆಯೂ ಕೆಳಗೆ ಬರುತ್ತದೆ. ಕೆಳಗಿದ್ದವರ ಗತಿ ಏನೆಂದು ಹೇಳಬೇಕಾಗಿಲ್ಲ. ಆದುದರಿಂದ ಒಳಗೋಡೆ ಭಾರ ಹೊತ್ತಿದೆಯೋ ಇಲ್ಲವೋ ಎಂದು ಗುರುತಿಸುವ ಕ್ರಮವನ್ನು ಈ ಪಾಠದಲ್ಲಿ ತಿಳಿದುಕೊಳ್ಳೋಣ.

ಮೂರು ಬಗೆಯ ಗೋಡೆಗಳು

ಒಳಗೋಡೆಗಳನ್ನು ಅವು ಮಾಡುವ ಕೆಲಸಕ್ಕೆ ತಕ್ಕಂತೆ ಮೂರು ಬಗೆಯಾಗಿ ವಿಂಗಡಿಸಬಹುದು.

ಒಂದು, ಹೊರೆಗೋಡೆ. ಜಂತೆ, ತೊಲೆ, ಚಪ್ಪಡಿ ಅಥವಾ ತಾರಸಿ ಇದರ ಮೇಲೆ ಕುಳಿತಿರುತ್ತದೆ. ಮೇಲಿನ ಭಾರವನ್ನು ತೆಗೆದುಕೊಂಡು ತಳಪಾಯಕ್ಕೆ ಮುಟ್ಟಿಸುವುದು ಇದರ ಕೆಲಸ.

ಎರಡು, ಮರೆಗೋಡೆ. ಇದು ತನ್ನ ಭಾರವನ್ನು ಮಾತ್ರ ಹೊತ್ತು ನಿಂತಿರುತ್ತದೆ. ಅಡಿಗೆಮನೆಗೂ ನಡುಮನೆಗೂ ನಡುವೆ ಮರೆ ಮಾಡುವುದಷ್ಟೇ ಇದರ ಉದ್ಯೋಗ.

ಮೂರು, ಆನಿಕೆಗೋಡೆ. ಇದರ ಮೇಲೆ ಜಂತೆ ಇರುವುದಿಲ್ಲ. ಆದರೆ ಉದ್ದವಾದ ಒಂದು ಗೋಡೆಗೆ ಅಡ್ಡಲಾಗಿ ಸೇರಿಕೊಂಡು, ಅದು ವಾಲದಂತೆ ಹಿಡಿದಿರುತ್ತದೆ. ಬಾಳೆಗೊನೆಗೆ ಕೊಟ್ಟ ಊರೆಗೋಲು ಗೊನೆಯನ್ನು ತಲೆಯ ಮೇಲೆ ಹೊತ್ತಿರುವುದಿಲ್ಲ. ಆದರೂ ಅದನ್ನು ಕಿತ್ತರೆ ಬಾಳೆ ಮಲಗುತ್ತದೆ. ಆನಿಕೆಗೋಡೆಯೂ ಹಾಗೆಯೇ.

ಮರೆಗೋಡೆಯನ್ನು ತೆಗೆಯಬಹುದು. ಹೊರೆಗೋಡೆಯನ್ನು ಬದಲಿ ಆಧಾರ ಕೊಡದೆ ಮುಟ್ಟಬಾರದು. ಆನಿಕೆಗೋಡೆಯನ್ನು ಮರೆಗೋಡೆಯೆಂದು ಮೋಸ ಹೋಗಬಾರದು.

ನಡುಗೋಡೆ ಎಷ್ಟು ಹೊರುತ್ತದೆ?

ಒಂದು ಮಾಳಿಗೆ ಮನೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳೋಣ. ಅಕ್ಕಪಕ್ಕದಲ್ಲಿ ಎರಡು ಕೋಣೆ. ಪ್ರತಿಯೊಂದೂ 10 ಅಡಿ ಅಗಲ, 12 ಅಡಿ ಉದ್ದ. ನಡುವೆ 12 ಅಡಿ ಉದ್ದದ ಒಂದು ಗೋಡೆ. ಜಂತೆಗಳು ಹೊರಗೋಡೆಯಿಂದ ನಡುಗೋಡೆಗೆ ಅಡ್ಡವಾಗಿ ಬಂದಿವೆ. ಜಂತೆಯ ಮೇಲೆ ಚಕ್ಕೆ, ಸೊಪ್ಪು, ಅದರ ಮೇಲೆ ಒಂದು ಅಡಿ ದಪ್ಪ ಮಣ್ಣು.

ಒಂದು ಘನ ಅಡಿ ಒಣಮಣ್ಣು 45ರಿಂದ 50 ಕಿಲೋ ತೂಗುತ್ತದೆ. ಅಂದರೆ ಮಾಳಿಗೆಯ ಪ್ರತಿ ಚದರ ಅಡಿಯ ಮೇಲೂ ಹೆಚ್ಚು ಕಡಿಮೆ ಒಂದು ಸಿಮೆಂಟ್ ಚೀಲ ಇಟ್ಟಂತೆ. ಒಂದು ಕೋಣೆಯ ಮೇಲೆ 120 ಚದರ ಅಡಿ, ಅಂದರೆ 120 ಚೀಲ, 6 ಟನ್. ಎರಡು ಟ್ರಾಕ್ಟರ್ ಟ್ರೈಲರ್ ತುಂಬಾ ಮಣ್ಣು ನಿಮ್ಮ ತಲೆಯ ಮೇಲೆ ನಿಂತಿದೆ ಎಂದು ತಿಳಿಯಿರಿ.

ಈ ಭಾರ ಎಲ್ಲಿ ಹೋಗುತ್ತದೆ? ಇಬ್ಬರು ಒಂದು ಗಳುವಿನ ಎರಡು ತುದಿಗೆ ಹೆಗಲು ಕೊಟ್ಟು ಹೊರೆ ಹೊತ್ತರೆ ಒಬ್ಬೊಬ್ಬರಿಗೆ ಅರ್ಧರ್ಧ ಬೀಳುತ್ತದೆ. ಹಾಗೆಯೇ ಎಡಗಡೆ ಕೋಣೆಯ 6 ಟನ್ನಿನಲ್ಲಿ 3 ಟನ್ ಎಡ ಹೊರಗೋಡೆಗೆ, 3 ಟನ್ ನಡುಗೋಡೆಗೆ. ಬಲಗಡೆ ಕೋಣೆಯದೂ 3 ಟನ್ ಬಲ ಹೊರಗೋಡೆಗೆ, 3 ಟನ್ ನಡುಗೋಡೆಗೆ. ಈಗ ಕೂಡಿ ನೋಡಿ. ಹೊರಗೋಡೆಗಳು ಮೂರು ಮೂರು ಟನ್ ಹೊತ್ತರೆ ನಡುಗೋಡೆ 6 ಟನ್ ಹೊತ್ತಿದೆ. ಅಡಿ ಉದ್ದಕ್ಕೆ 500 ಕಿಲೋ, ಅಂದರೆ ಹತ್ತು ಸಿಮೆಂಟ್ ಚೀಲ!

"ಒಳಗೋಡೆ ಬರೀ ಮರೆಗೆ" ಎಂಬ ಮಾತು ಎಷ್ಟು ಅಪಾಯಕರ ಎಂಬುದು ಈ ಲೆಕ್ಕದಿಂದ ತಿಳಿಯುತ್ತದೆ. ಜಂತೆಗಳು ಬಂದು ಕೂರುವ ನಡುಗೋಡೆಯು ಹೊರಗೋಡೆಗಿಂತ ಎರಡರಷ್ಟು ಹೊರುತ್ತದೆ.

ಮಣ್ಣು ಮಳೆಗೆ ನೆನೆದಾಗ ಭಾರ ಇನ್ನೂ ಹೆಚ್ಚುತ್ತದೆ. ಅಲ್ಲದೆ ಸೋರುತ್ತದೆಂದು ವರ್ಷ ವರ್ಷವೂ ಹೊಸದಾಗಿ ಕರಲು ಮಣ್ಣು ಹಾಕಿಸುವ ರೂಢಿ ನಮ್ಮಲ್ಲಿದೆ. ಹಳೆಯದನ್ನು ಕೆರೆಯದೆ ಹೊಸದನ್ನು ಹಾಕುತ್ತ ಹೋದರೆ ಒಂದು ಅಡಿ ಇದ್ದದ್ದು ಒಂದೂವರೆ ಅಡಿಯಾಗುತ್ತದೆ. ಆಗ ಚದರ ಅಡಿಗೆ 75 ಕಿಲೋ. ಗೋಡೆ ಅದೇ ಗೋಡೆ, ಹೊರೆ ಮಾತ್ರ ಬೆಳೆಯುತ್ತಿರುತ್ತದೆ. ಹೊಸ ಮಣ್ಣು ಹಾಕುವ ಮುನ್ನ ಅಷ್ಟೇ ಹಳೆಯ ಮಣ್ಣನ್ನು ತೆಗೆಯುವುದು ಲೇಸು.

ಮೊದಲ ಕೆಲಸ: ಜಂತೆಯ ದಿಕ್ಕು ನೋಡುವುದು

ಗೋಡೆಯ ಗುಣವನ್ನು ಗೋಡೆಯಲ್ಲಿ ಹುಡುಕಬೇಡಿ, ಚಾವಣಿಯಲ್ಲಿ ಹುಡುಕಿ. ಕೋಣೆಯ ನಡುವೆ ನಿಂತು ತಲೆಯೆತ್ತಿ ಜಂತೆಗಳು ಯಾವ ಕಡೆಯಿಂದ ಯಾವ ಕಡೆಗೆ ಹೋಗಿವೆ ಎಂದು ನೋಡಬೇಕು. ಜಂತೆಯನ್ನು ಸಾಮಾನ್ಯವಾಗಿ ಕೋಣೆಯ ಕಿರಿದಾದ ಅಳತೆಗೆ ಹಾಕಿರುತ್ತಾರೆ. ಉದ್ದದ ಮರ ಸಿಗುವುದು ಕಷ್ಟ, ಬೆಲೆಯೂ ಹೆಚ್ಚು.

ಜಂತೆಗಳ ತುದಿ ನಡುಗೋಡೆಯ ಮೇಲೆ ಬಂದು ಕೂತಿದ್ದರೆ ಅದು ಹೊರೆಗೋಡೆ. ಎರಡು ಕಡೆಯ ಜಂತೆಗಳ ತುದಿಗಳು ಗೋಡೆಯ ತಲೆಯ ಮೇಲೆ ಒಂದರ ಪಕ್ಕ ಒಂದು ಸೇರಿದ್ದರೆ ಅನುಮಾನವೇ ಬೇಡ. ಜಂತೆಗಳು ಗೋಡೆಗೆ ಸಮನಾಗಿ, ಅದನ್ನು ಮುಟ್ಟದೆ, ಅದರ ಜತೆಜತೆಯಲ್ಲಿ ಓಡಿದ್ದರೆ ಅದು ಮರೆಗೋಡೆ ಇರಬಹುದು. "ಇರಬಹುದು" ಎಂದೆ. ಇನ್ನೂ ಬೇರೆ ಪರೀಕ್ಷೆಗಳಿವೆ.

ಒಂದು ಹಾಳೆಯ ಮೇಲೆ ಮನೆಯ ನಕ್ಷೆ ಬರೆದುಕೊಳ್ಳಿ. ಮಕ್ಕಳ ಲೆಕ್ಕದ ಪುಸ್ತಕದ ಒಂದು ಹಾಳೆ ಸಾಕು. ಪ್ರತಿಯೊಂದು ಗೋಡೆಯನ್ನೂ ಗೆರೆಯಾಗಿ ಎಳೆಯಿರಿ. ಜಂತೆಗಳನ್ನು ಸಣ್ಣ ಗೆರೆಗಳಾಗಿ, ತೊಲೆಗಳನ್ನು ದಪ್ಪ ಗೆರೆಗಳಾಗಿ, ಕಂಬಗಳನ್ನು ಚುಕ್ಕೆಗಳಾಗಿ ಗುರುತಿಸಿ. ಬಳಿಕ ಪ್ರತಿ ಜಂತೆಯ ತುದಿಯನ್ನು ಬೆರಳಿಟ್ಟು ಕೇಳಿ: "ನೀನು ಎಲ್ಲಿ ಕೂತಿದ್ದೀಯೆ?" ಉತ್ತರ ಗೋಡೆಯಾದರೆ ಅದು ಹೊರೆಗೋಡೆ. ಉತ್ತರ ತೊಲೆಯಾದರೆ ಮುಂದಿನ ಪ್ರಶ್ನೆ: "ತೊಲೆ ಎಲ್ಲಿ ಕೂತಿದೆ?" ಹೀಗೆ ಭಾರವು ಮಾಳಿಗೆಯಿಂದ ನೆಲಕ್ಕೆ ಇಳಿಯುವ ದಾರಿಯನ್ನು ಹಿಡಿದು ಬರಬೇಕು. ಮಡುವಿನ ನೀರು ಯಾವ ಕಾಲುವೆಯಲ್ಲಿ ಯಾವ ಗದ್ದೆಗೆ ಹೋಗುತ್ತದೆ ಎಂದು ಪತ್ತೆ ಮಾಡುವ ರೈತನಿಗೆ ಇದು ಕಷ್ಟದ ಕೆಲಸವಲ್ಲ.

ಕಂಬದ ಮನೆ

ಹಳೆಯ ತೊಟ್ಟಿಮನೆಗಳಲ್ಲಿಯೂ ದೊಡ್ಡ ಮಾಳಿಗೆ ಮನೆಗಳಲ್ಲಿಯೂ ಮರದ ಕಂಬ, ಅದರ ಮೇಲೆ ಬೋದಿಗೆ, ಬೋದಿಗೆಯ ಮೇಲೆ ತೊಲೆ, ತೊಲೆಯ ಮೇಲೆ ಜಂತೆ ಇರುತ್ತವೆ. ಅಲ್ಲಿ ಭಾರವು ಕಂಬದ ಮೂಲಕ ಕಂಬದ ಬುಡದ ಕಲ್ಲಿಗೆ ಇಳಿಯುತ್ತದೆ. ಕಂಬಗಳ ನಡುವೆ ಎಬ್ಬಿಸಿದ ಗೋಡೆ ಕೇವಲ ಮರೆಗೋಡೆ ಆಗಿರಬಹುದು.

1993ರ ಸೆಪ್ಟೆಂಬರ್ 30ರ ಬೆಳಗಿನ ಜಾವ ಮಹಾರಾಷ್ಟ್ರದ ಲಾತೂರು ಜಿಲ್ಲೆಯ ಕಿಲ್ಲಾರಿ ಸುತ್ತಮುತ್ತ ಭೂಕಂಪವಾಯಿತು. ಅಲ್ಲಿಯ ಮನೆಗಳು ನಮ್ಮ ಉತ್ತರ ಕರ್ನಾಟಕದ ಮಾಳಿಗೆ ಮನೆಗಳಂತೆಯೇ ಕೆಸರಿನಲ್ಲಿ ಕಟ್ಟಿದ ದಪ್ಪ ಕಲ್ಲುಗೋಡೆಯ, ಮಣ್ಣಿನ ಮಾಳಿಗೆಯ ಮನೆಗಳು. ಸಾವಿರಾರು ಜನ ಅವುಗಳ ಕೆಳಗೆ ಸಿಕ್ಕಿ ಸತ್ತರು. ಆದರೆ ಕೆಲವು ಮನೆಗಳಲ್ಲಿ ಕಲ್ಲುಗೋಡೆ ಜರಿದು ಬಿದ್ದರೂ ಮರದ ಕಂಬ ತೊಲೆಗಳು ಮಾಳಿಗೆಯನ್ನು ಹೊತ್ತು ನಿಂತಿದ್ದವು. ಗೋಡೆ ಎಷ್ಟೇ ದಪ್ಪವಾಗಿರಲಿ, ಹೊರುವವನು ಬೇರೆ ಇರಬಹುದು ಎಂಬುದಕ್ಕೆ ಇದು ಸಾಕ್ಷಿ.

ಕಂಬವನ್ನು ಕಂಡ ಮಾತ್ರಕ್ಕೆ ಗೋಡೆ ಕೆಡವಲು ಹೊರಡಬಾರದು. ಕಂಬದ ಬುಡವನ್ನು ಮೊದಲು ಪರೀಕ್ಷಿಸಬೇಕು. ನೆಲದ ಹತ್ತಿರ ಚೂಪಾದ ಮೊಳೆಯಿಂದ ಚುಚ್ಚಿ ನೋಡಿ. ಮೊಳೆ ಬೆಣ್ಣೆಯಲ್ಲಿ ಇಳಿದಂತೆ ಇಳಿದರೆ ಗೆದ್ದಲು ಒಳಗನ್ನು ತಿಂದಿದೆ. ಅಂಥ ಕಂಬ ಹೊರುವುದನ್ನು ಎಂದೋ ನಿಲ್ಲಿಸಿರುತ್ತದೆ. ಅದರ ಪಾಲಿನ ಭಾರವನ್ನು ಪಕ್ಕದ ಗೋಡೆ ಹೊರುತ್ತಿರುತ್ತದೆ. ಗೋಡೆಯ ಒಳಗೆ ಹುದುಗಿದ ಕಂಬಗಳಿಗೆ ಗೆದ್ದಲಿನ ಕಾಟ ಹೆಚ್ಚು. ಹೊರಗಿನಿಂದ ಕಾಣುವುದೂ ಇಲ್ಲ.

ಹೆಂಚಿನ ಮನೆ

1865ರಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ತೆರೆದರು. ಅಂದಿನಿಂದ ಮಂಗಳೂರು ಹೆಂಚು ನಾಡೆಲ್ಲ ಹರಡಿತು. ಈ ಹೆಂಚಿನ ಮಾಡು ರೀಪು ಸಹಿತ ಚದರ ಅಡಿಗೆ ಸುಮಾರು 6 ಕಿಲೋ ಮಾತ್ರ. ಮಣ್ಣಿನ ಮಾಳಿಗೆಯ ಎಂಟನೆಯ ಒಂದು ಪಾಲು. ಆದರೂ ಹಗುರವೆಂದು ಉದಾಸೀನ ಮಾಡಬಾರದು.

ಇಲ್ಲಿ ನೋಡಬೇಕಾದ ಗುರುತು ಸುಲಭ. ಒಳಗೋಡೆಯು ಸೂರಿನ ಮಟ್ಟಕ್ಕೆ ನಿಂತು, ಅದರ ಮೇಲೆ ಬಯಲಿದ್ದು, ಅಡಿಗೆಮನೆಯ ಹೊಗೆ ಮಾಡಿನ ಕೆಳಗೆ ಪಡಸಾಲೆಗೂ ಬರುವಂತಿದ್ದರೆ ಆ ಗೋಡೆ ಮಾಡನ್ನು ಹೊತ್ತಿಲ್ಲ. ಗೋಡೆಯು ನೆತ್ತಿಯವರೆಗೂ ಏರಿ, ಮೇಲೆ ಮೂರು ಮೂಲೆಯಾಗಿ ಮುಗಿದು, ನೆತ್ತಿಯ ತೊಲೆ ಅದರ ಮೇಲೆ ಕೂತಿದ್ದರೆ ಅದು ಹೊರೆಗೋಡೆ. ಅದನ್ನು ತೆಗೆದರೆ ನೆತ್ತಿಯ ತೊಲೆ ಬಾಗುತ್ತದೆ, ಗಳುಗಳು ಕೆಳಜಾರಿ ಹೊರಗೋಡೆಗಳನ್ನು ಹೊರಕ್ಕೆ ತಳ್ಳುತ್ತವೆ.

ಸೂರಿನ ಮಟ್ಟಕ್ಕೆ ನಿಂತ ಗೋಡೆಯ ಮೇಲೆ ಅಟ್ಟವಿದೆಯೇ ಎಂದು ಕೂಡ ನೋಡಬೇಕು. ಮಾಡನ್ನು ಹೊರದ ಗೋಡೆ ಅಟ್ಟವನ್ನು ಹೊತ್ತಿರುವುದುಂಟು. ಅಟ್ಟದ ಮೇಲೆ ಇಪ್ಪತ್ತು ಚೀಲ ರಾಗಿ ಇಟ್ಟಿದ್ದರೆ ಅದೇ ಒಂದು ಮಾಡಿನ ಭಾರ.

ಚಪ್ಪಡಿ ಮನೆ

ಕೋಲಾರ, ತುಮಕೂರು, ಬೆಂಗಳೂರು ಗ್ರಾಮಾಂತರದ ಕಡೆ ಕಲ್ಲುಚಪ್ಪಡಿ ಹೊದಿಸಿದ ಮನೆಗಳು ಹೇರಳ. 8 ಅಡಿ ಉದ್ದ, 2 ಅಡಿ ಅಗಲ, 4 ಅಂಗುಲ ದಪ್ಪದ ಒಂದು ಚಪ್ಪಡಿ ಸುಮಾರು 400 ಕಿಲೋ ತೂಗುತ್ತದೆ. ಚಪ್ಪಡಿಗಳ ಸಂದು ಎಲ್ಲಿ ಬಂದಿದೆ ಎಂದು ನೋಡಿ. ಎರಡು ಚಪ್ಪಡಿಗಳ ತುದಿಗಳು ಒಳಗೋಡೆಯ ನೆತ್ತಿಯ ಮೇಲೆ ಸೇರಿದ್ದರೆ ಆ ಗೋಡೆಯೇ ಎರಡಕ್ಕೂ ಆಧಾರ.

ಚಪ್ಪಡಿಯ ವಿಷಯದಲ್ಲಿ ಒಂದು ಎಚ್ಚರಿಕೆ ಬೇಕು. ಮರ ಮುರಿಯುವ ಮುನ್ನ ಬಾಗುತ್ತದೆ, ಲಟಲಟ ಎನ್ನುತ್ತದೆ, ಓಡಲು ಒಂದು ಗಳಿಗೆ ಕೊಡುತ್ತದೆ. ಕಲ್ಲು ಬಾಗುವುದಿಲ್ಲ, ಹೇಳುವುದಿಲ್ಲ, ಒಮ್ಮೆಲೇ ಮುರಿಯುತ್ತದೆ. ಚಪ್ಪಡಿ ಮನೆಯ ಒಳಗೋಡೆಗಳೆಲ್ಲವೂ ಹೊರೆಗೋಡೆಗಳೆಂದೇ ಭಾವಿಸಿ ನಡೆಯುವುದು ಕ್ಷೇಮ.

ಆರ್‌ಸಿಸಿ ಮನೆ

ಆರ್‌ಸಿಸಿ ತಾರಸಿಯಲ್ಲಿ ಜಂತೆ ಕಾಣುವುದಿಲ್ಲ. ಕಬ್ಬಿಣದ ಕಂಬಿಗಳು ಕಾಂಕ್ರೀಟಿನೊಳಗೆ ಅಡಗಿವೆ. 5 ಅಂಗುಲ ದಪ್ಪದ ತಾರಸಿ ಚದರ ಅಡಿಗೆ ಸುಮಾರು 30 ಕಿಲೋ. ಮೇಲೆ ಒಂದು ಸಾವಿರ ಲೀಟರಿನ ನೀರಿನ ಟ್ಯಾಂಕ್ ಇಟ್ಟರೆ ಅದೇ ಒಂದು ಟನ್.

1985ರಲ್ಲಿ ಆರಂಭವಾದ ಇಂದಿರಾ ಆವಾಸ್ ಯೋಜನೆಯಲ್ಲಿಯೂ, 2016ರಿಂದ ಅದರ ಸ್ಥಳದಲ್ಲಿ ಬಂದ ಪ್ರಧಾನಮಂತ್ರಿ ಗ್ರಾಮೀಣ ಆವಾಸ್ ಯೋಜನೆಯಲ್ಲಿಯೂ ನಮ್ಮ ಹಳ್ಳಿಗಳಲ್ಲಿ ಕಟ್ಟಿದ ಸಣ್ಣ ತಾರಸಿ ಮನೆಗಳಿಗೆ ಕಾಂಕ್ರೀಟ್ ಕಂಬಗಳಿರುವುದು ಅಪರೂಪ. ಇಟ್ಟಿಗೆ ಅಥವಾ ಸಿಮೆಂಟ್ ಬ್ಲಾಕಿನ ಗೋಡೆಗಳ ಮೇಲೆಯೇ ತಾರಸಿ ಕೂತಿರುತ್ತದೆ. ಅಂಥ ಮನೆಯಲ್ಲಿ ಎರಡು ಕೋಣೆಗಳ ನಡುವಿನ ಗೋಡೆ ಹೊರೆಗೋಡೆಯೇ ಎಂದು ತಿಳಿಯಬೇಕು.

"ತಾರಸಿ ಒಂದೇ ತುಂಡು, ಗೋಡೆ ತೆಗೆದರೂ ನಿಲ್ಲುತ್ತದೆ" ಎಂದು ಕೆಲವರು ಹೇಳುತ್ತಾರೆ. ಇದು ಸರಿಯಲ್ಲ. ಆಧಾರದಿಂದ ಆಧಾರಕ್ಕೆ ಇರುವ ದೂರ ಎರಡರಷ್ಟಾದರೆ ತಾರಸಿಯನ್ನು ಬಾಗಿಸುವ ಒತ್ತಡ ಎರಡರಷ್ಟಲ್ಲ, ನಾಲ್ಕರಷ್ಟಾಗುತ್ತದೆ. 10 ಅಡಿಗೆಂದು ಹಾಕಿದ ಕಂಬಿ 20 ಅಡಿಗೆ ಸಾಲುವುದಿಲ್ಲ. ಇದಲ್ಲದೆ, ಗೋಡೆಯ ಮೇಲೆ ಹಾದುಹೋಗುವ ಕಡೆ ಕಂಬಿಯನ್ನು ತಾರಸಿಯ ಮೇಲ್ಭಾಗಕ್ಕೆ ಎತ್ತಿ ಕಟ್ಟಿರುತ್ತಾರೆ. ಗೋಡೆ ಹೋದ ಮೇಲೆ ಎಳೆತ ಬೀಳುವುದು ಕೆಳಭಾಗದಲ್ಲಿ. ಅಲ್ಲಿ ಕಂಬಿ ಕಡಮೆ.

ನಾಲ್ಕು ಮೂಲೆಗೂ ಕಾಂಕ್ರೀಟ್ ಕಂಬ, ಕಂಬದಿಂದ ಕಂಬಕ್ಕೆ ಕಾಂಕ್ರೀಟ್ ತೊಲೆ ಹಾಕಿ, ಆಮೇಲೆ ಗೋಡೆ ತುಂಬಿದ ಮನೆಗಳೂ ಈಗ ಹಳ್ಳಿಗಳಲ್ಲಿ ಬಂದಿವೆ. ಅಲ್ಲಿ ತೊಲೆಯ ಕೆಳಗೆ ತುಂಬಿದ ಗೋಡೆ ಮರೆಗೋಡೆಯಾಗಿರಬಹುದು. ಗಾರೆಯ ಒಳಗೆ ಕಂಬ ನಿಜವಾಗಿಯೂ ಇದೆಯೇ ಎಂಬುದನ್ನು ಮನೆ ಕಟ್ಟಿದ ಮೇಸ್ತ್ರಿಯನ್ನು ಕೇಳಿ, ಇಂಜಿನಿಯರಿಗೆ ತೋರಿಸಿ ಖಚಿತ ಮಾಡಿಕೊಳ್ಳತಕ್ಕದ್ದು.

ನಂಬಬಾರದ ಗುರುತುಗಳು

ಈಚೆಗೆ ಒಂದು ಹಳ್ಳಿಯಲ್ಲಿ ಹುಳು ಸಾಕುವ ಕೋಣೆ ದೊಡ್ಡದು ಮಾಡಬೇಕೆಂದಿದ್ದ ಹಿರಿಯರೊಬ್ಬರು ತಮ್ಮ ಮನೆಯ ಒಳಗೋಡೆಯನ್ನು ತೋರಿಸಿದರು.

"ಸ್ವಾಮಿ, ಹೊರಗೋಡೆ ಒಂದೂವರೆ ಅಡಿ ದಪ್ಪ. ಇದು ನೋಡಿ, ಬರೀ ನಾಲ್ಕೂವರೆ ಅಂಗುಲ. ಇದು ಏನು ಹೊತ್ತೀತು?" ಎಂದರು.

"ಯಜಮಾನರೇ, ಇದು ಹೊರಬಲ್ಲದೋ ಇಲ್ಲವೋ ಆಮೇಲೆ ನೋಡೋಣ. ಈಗ ಹೊತ್ತಿದೆಯೋ ಇಲ್ಲವೋ ಮೊದಲು ನೋಡೋಣ. ಒಂದು ಏಣಿ ತರಿಸಿ" ಎಂದೆ.

ಏಣಿ ಹತ್ತಿ ನೋಡಿದರೆ ಗೋಡೆಗೂ ಜಂತೆಗೂ ನಡುವೆ ಕಾಗದ ತೂರಿಸಲೂ ಸಂದಿರಲಿಲ್ಲ. ಗೋಡೆಯ ನಡುವೆ ನೇರವಾಗಿ ಕೆಳಗೆ ಇಳಿದ ಕೂದಲೆಳೆಯ ಬಿರುಕುಗಳಿದ್ದವು. ಜಂತೆಗಳನ್ನು ಹೊತ್ತ ತೊಲೆ ವರ್ಷಗಟ್ಟಲೆ ಬಾಗಿ ಬಾಗಿ ಆ ತೆಳು ಗೋಡೆಯ ಮೇಲೆ ಕುಳಿತುಬಿಟ್ಟಿತ್ತು. ಕಟ್ಟಿದ ದಿನ ಅದು ಮರೆಗೋಡೆಯೇ. ಈಗ ಹೊರೆಗೋಡೆ. ಯಜಮಾನರು ಗೋಡೆಯನ್ನು ಉಳಿಸಿಕೊಂಡು, ಹುಳು ಮನೆಗೆ ಹಿತ್ತಲಲ್ಲಿ ಬೇರೆ ಕಟ್ಟಡ ಕಟ್ಟುವುದಾಗಿ ತೀರ್ಮಾನಿಸಿದರು. ಹುಳುವಿನ ಆರೋಗ್ಯಕ್ಕೂ ವಾಸದ ಮನೆಯಿಂದ ಬೇರೆಯಾದ ಹುಳು ಮನೆಯೇ ಮೇಲು.

ಇದರಿಂದ ತಿಳಿಯತಕ್ಕ ಅಂಶಗಳು ಇವು:

1. ದಪ್ಪವನ್ನು ನಂಬಬೇಡಿ. ತೆಳು ಗೋಡೆ ಹೊತ್ತಿರಬಹುದು, ದಪ್ಪ ಗೋಡೆ ಹೊರದೆ ಇರಬಹುದು.

2. ತಟ್ಟಿದ ಶಬ್ದವನ್ನು ನಂಬಬೇಡಿ. ಶಬ್ದವು ಗಾರೆ ಗೋಡೆಗೆ ಅಂಟಿದೆಯೋ ಬಿಟ್ಟಿದೆಯೋ ಎಂದು ಹೇಳುತ್ತದೆ. ಭಾರದ ವಿಷಯ ಹೇಳುವುದಿಲ್ಲ.

3. ಗೋಡೆಯ ತಲೆಯನ್ನು ನೋಡಿ. ಗೋಡೆಗೂ ಜಂತೆಗೂ ನಡುವೆ ಉದ್ದಕ್ಕೂ ಸಂದಿದ್ದು ಬೆಳಕು ಕಾಣುವಂತಿದ್ದರೆ ಅದು ಹೊತ್ತಿಲ್ಲ. ಸಂದಿಲ್ಲದಿದ್ದರೆ ಹೊತ್ತಿದೆಯೆಂದೇ ತಿಳಿಯಿರಿ.

4. ಗೋಡೆಯ ಬುಡವನ್ನು ನೋಡಿ. ನೆಲಕ್ಕೆ ಹಾಸಿದ ಕಲ್ಲಿನ ಮೇಲೆಯೇ ಗೋಡೆ ಎಬ್ಬಿಸಿದ್ದರೆ ಅದು ಆಮೇಲೆ ಸೇರಿಸಿದ ಗೋಡೆ, ಬಹುಮಟ್ಟಿಗೆ ಮರೆಗೋಡೆ. ತನಗೆ ಬೇರೆ ತಳಪಾಯವಿರುವ ಗೋಡೆ ಹೊರಲೆಂದೇ ಕಟ್ಟಿದ್ದು. ಬುಡ ನೋಡಲು ಹಾಸುಗಲ್ಲು ಒಂದನ್ನು ಎತ್ತಿದರೆ ಸಾಕು. ಗೋಡೆಯ ಪಕ್ಕದಲ್ಲಿ ಆಳದ ಗುಂಡಿ ತೆಗೆಯಬಾರದು.

5. ಮೂಲೆಯನ್ನು ನೋಡಿ. ಒಳಗೋಡೆಯ ಕಲ್ಲು ಇಟ್ಟಿಗೆಗಳು ಹೊರಗೋಡೆಯೊಳಗೆ ಹಲ್ಲುಹಲ್ಲಾಗಿ ಹೆಣೆದುಕೊಂಡಿದ್ದರೆ ಎರಡೂ ಒಟ್ಟಿಗೆ ಕಟ್ಟಿದವು. ಅದು ಹೊರೆಗೋಡೆ ಅಲ್ಲದಿದ್ದರೂ ಆನಿಕೆಗೋಡೆ ಆಗಿರುತ್ತದೆ. ಬರೀ ತಾಗಿಸಿ ನಿಲ್ಲಿಸಿದ್ದರೆ ಮೂಲೆಯಲ್ಲಿ ನೆಟ್ಟಗೆ ಒಂದು ಬಿರುಕು ಕಾಣುತ್ತದೆ.

6. ಮಹಡಿ ಇದ್ದರೆ ಮೇಲೆ ಹೋಗಿ ನೋಡಿ. ಕೆಳಗಿನ ಗೋಡೆಯ ನೇರಕ್ಕೆ ಮೇಲೆಯೂ ಗೋಡೆ ಇದ್ದರೆ ಕೆಳಗಿನದು ಖಂಡಿತ ಹೊರೆಗೋಡೆ.

ಪಾಲಿನ ಮನೆ

ಅಣ್ಣತಮ್ಮಂದಿರು ಪಾಲಾದಾಗ ಪತ್ರದಲ್ಲಿ ನೆಲವನ್ನು ಅಳೆದು ಹಂಚುತ್ತಾರೆ. ಜಂತೆಯನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಅಣ್ಣನ ಪಾಲಿಗೆ ಬಂದ ಗೋಡೆಯ ಮೇಲೆ ತಮ್ಮನ ಕೋಣೆಯ ಜಂತೆಗಳ ತುದಿ ಕೂತಿರುತ್ತದೆ. "ಗೋಡೆ ನನ್ನದು, ನಾನು ಏನಾದರೂ ಮಾಡಿಕೊಳ್ಳುತ್ತೇನೆ" ಎಂದು ಅಣ್ಣ ಹಾರೆ ಹಾಕಿದರೆ ಬೀಳುವುದು ತಮ್ಮನ ಮಾಳಿಗೆ. ಅದರ ಕೆಳಗೆ ಮಲಗಿರುವವರು ಅದೇ ಅಜ್ಜನ ಮೊಮ್ಮಕ್ಕಳು.

ಆದುದರಿಂದ ಪಾಲಿನ ಮಾತಿಗೆ ಕೂತಾಗಲೇ ನಡುಗೋಡೆ ಹೊರೆಗೋಡೆಯೋ ಅಲ್ಲವೋ ಎಂದು ನೋಡಿ, ಹೊರೆಗೋಡೆಯಾದರೆ "ಇದು ಇಬ್ಬರಿಗೂ ಸೇರಿದ್ದು. ಒಬ್ಬರ ಒಪ್ಪಿಗೆಯಿಲ್ಲದೆ ಇನ್ನೊಬ್ಬರು ಕೆಡವಬಾರದು, ಬಾಗಿಲು ಕೊರೆಯಬಾರದು" ಎಂದು ಪಾಲುಪತ್ರದಲ್ಲಿ ಬರೆಯಿಸುವುದು ಲೇಸು. ಎರಡು ಸಾಲು ಬರವಣಿಗೆ ಎರಡು ಮನೆಗಳನ್ನು ಉಳಿಸುತ್ತದೆ.

ತೆಗೆಯಲೇಬೇಕಾದರೆ

ಹೊರೆಗೋಡೆಯನ್ನು ತೆಗೆಯಲು ಸಾಧ್ಯವೇ ಇಲ್ಲವೆಂದಲ್ಲ. ಆದರೆ ಗೋಡೆ ಮಾಡುತ್ತಿದ್ದ ಕೆಲಸವನ್ನು ಮಾಡಲು ಬೇರೆ ಆಳನ್ನು ಮೊದಲು ನಿಲ್ಲಿಸಬೇಕು.

ನಮ್ಮ ಉದಾಹರಣೆಯ ಮನೆಯಲ್ಲಿ 12 ಅಡಿ ಗೋಡೆಯ ಬದಲು ಒಂದು ತೊಲೆ ಹಾಕುವುದಾದರೆ 6 ಟನ್ ಭಾರವನ್ನು ಆ ತೊಲೆ ಹೊರಬೇಕು. ಹಿಂದೆ 12 ಅಡಿ ಉದ್ದಕ್ಕೂ ಹರಡಿಕೊಂಡು ನೆಲಕ್ಕೆ ಇಳಿಯುತ್ತಿದ್ದ ಭಾರ ಈಗ ತೊಲೆಯ ಎರಡು ತುದಿಗಳಲ್ಲಿ ಮೂರು ಮೂರು ಟನ್ನಾಗಿ ಇಳಿಯುತ್ತದೆ. ಆ ತುದಿಗಳನ್ನು ಮಣ್ಣಿನ ಗೋಡೆಯ ಮೇಲೆ ಇಟ್ಟರೆ ಗೋಡೆ ಕುಸಿಯುತ್ತದೆ. ಅಲ್ಲಿ ಕಂಬ ಬೇಕು, ಕಂಬಕ್ಕೆ ತಳಪಾಯ ಬೇಕು. ತೊಲೆಯ ಅಳತೆ ಎಷ್ಟು, ಕಂಬ ಎಷ್ಟು ದಪ್ಪ ಎಂಬುದು ಇಂಜಿನಿಯರರ ಲೆಕ್ಕ. ಈ ಪಾಠ ಅಲ್ಲಿಗೆ ನಿಲ್ಲುತ್ತದೆ. ನೀವು ಬರೆದುಕೊಂಡ ನಕ್ಷೆಯನ್ನು ತೆಗೆದುಕೊಂಡು ಇಂಜಿನಿಯರರ ಬಳಿ ಹೋಗಿ. ಗ್ರಾಮ ಪಂಚಾಯತಿಯಲ್ಲಿ ವಿಚಾರಿಸಿದರೆ ಯಾರನ್ನು ಕಾಣಬೇಕೆಂದು ತಿಳಿಯುತ್ತದೆ.

ಕೆಲಸದ ಕ್ರಮ ಮಾತ್ರ ಎಲ್ಲರೂ ತಿಳಿದಿರಬೇಕು:

1. ಮಳೆಗಾಲದಲ್ಲಿ ಗೋಡೆ ಮುಟ್ಟಬೇಡಿ. ಮಣ್ಣು ನೆನೆದಾಗ ಮೇಲಿನ ಭಾರ ಹೆಚ್ಚು, ಕೆಳಗಿನ ಗೋಡೆಯ ಬಲ ಕಡಮೆ. 2009ರ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲಿನಲ್ಲಿ ಉತ್ತರ ಕರ್ನಾಟಕದಲ್ಲಿ ಸುರಿದ ಮಳೆಗೆ ಯಾರೂ ಮುಟ್ಟದಿದ್ದ ಮಣ್ಣಿನ ಮನೆಗಳೇ ಸಾವಿರಾರು ಬಿದ್ದವು. ಸಂಕ್ರಾಂತಿಯಿಂದ ಯುಗಾದಿಯವರೆಗಿನ ಒಣ ದಿನಗಳು ಈ ಕೆಲಸಕ್ಕೆ ತಕ್ಕವು.

2. ಮನೆಯಿಂದ ಜನ, ದನಕರು, ಕಾಳುಕಡ್ಡಿ ಎಲ್ಲವನ್ನೂ ಹೊರಗೆ ಸಾಗಿಸಿ. ಅಟ್ಟ ಬರಿದು ಮಾಡಿ. ಸಾಧ್ಯವಾದರೆ ಮಾಳಿಗೆಯ ಮಣ್ಣನ್ನೂ ಇಳಿಸಿ. ಆದರೆ ಒಂದೇ ಕಡೆ ಇಳಿಸಬೇಡಿ, ಎರಡೂ ಕೋಣೆಗಳ ಮೇಲೆ ಸಮವಾಗಿ ತೆಗೆಯುತ್ತ ಬನ್ನಿ.

3. ಗೋಡೆಯ ಎರಡು ಕಡೆಯೂ ಆನಿಕೆ ಕೊಡಬೇಕು. ಒಂದು ಕಡೆ ಮಾತ್ರ ಕೊಟ್ಟರೆ ಇನ್ನೊಂದು ಕಡೆಯ ಜಂತೆ ಬೀಳುತ್ತದೆ. ಆನಿಕೆ ಕಂಬದ ಕೆಳಗೆ ಅಗಲವಾದ ಹಲಗೆ, ಮೇಲೆ ಜಂತೆಗಳಿಗೆ ಅಡ್ಡಲಾಗಿ ಗಟ್ಟಿ ಮರ ಇರಬೇಕು. ಬರೀ ಮಣ್ಣುನೆಲದ ಮೇಲೆ ಊರಿದ ಕಂಬ ಭಾರ ಬಿದ್ದ ಕೂಡಲೆ ಒಳಗೆ ಇಳಿಯುತ್ತದೆ.

4. ಗೋಡೆಯನ್ನು ಮೇಲಿನಿಂದ ಕೆಳಗೆ, ಒಂದೊಂದು ಸಾಲಾಗಿ, ಕೈಯಿಂದ ಬಿಚ್ಚಬೇಕು. ಬುಡಕ್ಕೆ ಹಾರೆ ಹಾಕಿ ಒಮ್ಮೆಲೇ ಉರುಳಿಸುವುದು ಸಲ್ಲದು.

5. ಹೊಸ ತೊಲೆ ಕೂತು, ಗಾರೆ ಗಟ್ಟಿಯಾಗುವವರೆಗೆ ಆನಿಕೆ ಕೀಳಬಾರದು. ಕೆಲಸದವರ ಬಾಡಿಗೆ ಉಳಿಯಲೆಂದು ಅವಸರ ಮಾಡಬಾರದು.

ಪೂರ್ತಿ ಗೋಡೆ ತೆಗೆಯುವುದಕ್ಕಿಂತ ನಡುವೆ ಒಂದು ಬಾಗಿಲಷ್ಟು ಅಗಲ ತೆಗೆದು, ಮೇಲೆ ಗಟ್ಟಿಯಾದ ಲಿಂಟಲ್ ಹಾಕಿ, ಎರಡು ಪಕ್ಕದ ಗೋಡೆಯನ್ನು ಉಳಿಸಿಕೊಂಡರೆ ಬಹಳ ಮನೆಗಳಲ್ಲಿ ಕೆಲಸ ಸಾಗುತ್ತದೆ. ಇದಕ್ಕೂ ಆನಿಕೆ ಬೇಕು. ಆದರೆ ಖರ್ಚೂ ಅಪಾಯವೂ ಕಡಮೆ.

ಗೋಡೆ ಕೊಡುವ ಮುನ್ಸೂಚನೆ

ಈಗಾಗಲೇ ಗೋಡೆ ಒಡೆಸಿದವರು ಮನೆಯನ್ನು ಕಣ್ಣಿಟ್ಟು ನೋಡುತ್ತಿರಬೇಕು. ಬಾಗಿಲ ಮೂಲೆಯಿಂದ ಓರೆಯಾಗಿ ಏರುವ ಬಿರುಕು, ಚೆನ್ನಾಗಿದ್ದ ಬಾಗಿಲು ಇದ್ದಕ್ಕಿದ್ದಂತೆ ಚೌಕಟ್ಟಿನಲ್ಲಿ ಬಿಗಿಯುವುದು, ಜಂತೆಯ ತುದಿಯಿಂದ ಮಣ್ಣು ಉದುರುವುದು, ರಾತ್ರಿ ಮರ ಲಟಕ್ಕೆನ್ನುವುದು, ಗೋಡೆಯ ಹೊಟ್ಟೆ ಉಬ್ಬುವುದು, ಇವು ಗೋಡೆಯ ಮಾತು. ಬಿರುಕಿನ ಎರಡು ಬದಿಗೆ ಅಡ್ಡವಾಗಿ ಒಂದು ಕಾಗದದ ಪಟ್ಟಿ ಅಂಟಿಸಿ ದಿನಾಂಕ ಬರೆದಿಡಿ. ಕಾಗದ ಹರಿದರೆ ಬಿರುಕು ಬೆಳೆಯುತ್ತಿದೆ ಎಂದರ್ಥ. ಆಗ ಆ ಕೋಣೆಯಲ್ಲಿ ಮಲಗುವುದನ್ನು ಬಿಟ್ಟು, ಅಂದೇ ಆನಿಕೆ ಕೊಡಿಸಬೇಕು.

ನೆನಪಿಡಬೇಕಾದುದು

ಜಂತೆ ಎಲ್ಲಿ ಕೂತಿದೆಯೋ ಅಲ್ಲಿ ಭಾರವಿದೆ. ಎರಡು ಕಡೆಯ ಜಂತೆ ಕೂತ ನಡುಗೋಡೆಗೆ ಹೊರಗೋಡೆಯ ಎರಡರಷ್ಟು ಹೊರೆ. ಕಟ್ಟಿದಾಗ ಹೊರದ ಗೋಡೆ ಈಗ ಹೊರುತ್ತಿರಬಹುದು. ಅನುಮಾನವಿದ್ದರೆ ಹೊರೆಗೋಡೆಯೆಂದೇ ಎಣಿಸಬೇಕು.

ಬಿತ್ತುವ ಮುನ್ನ ಮಣ್ಣನ್ನು ಕೈಯಲ್ಲಿ ಹಿಡಿದು ಹದ ನೋಡುವ ಜನ ನಾವು. ಎತ್ತು ಕೊಳ್ಳುವ ಮುನ್ನ ಹಲ್ಲು ಎಣಿಸುತ್ತೇವೆ. ಮೂರು ತಲೆಮಾರು ನಮ್ಮನ್ನು ಮಳೆಬಿಸಿಲಿನಿಂದ ಕಾಪಾಡಿದ ಗೋಡೆಯನ್ನು ಕೆಡವುವ ಮುನ್ನ ಒಂದು ಏಣಿ ಹಾಕಿ, ಒಂದು ಹಾಳೆಯ ಮೇಲೆ ನಕ್ಷೆ ಬರೆದು ನೋಡಲು ಅರ್ಧ ದಿನ ಸಾಕು. ಈ ವಾರ ನಿಮ್ಮ ಮನೆಯ ನಕ್ಷೆಯನ್ನು ಮಕ್ಕಳ ಕೈಯಲ್ಲಿ ಬರೆಯಿಸಿ ಇಟ್ಟುಕೊಳ್ಳಿ. ನಾನು ನಿಮ್ಮ ಹಳ್ಳಿಗೆ ಬಂದಾಗ ತೋರಿಸಿ, ಇಬ್ಬರೂ ಕೂಡಿ ನೋಡೋಣ.

ನಿಮ್ಮ ಗ್ರಾಮಸೇವಕ